ಅಣ್ಣ ತೊಳೆಯದ ರೂಪಾಯಿ

ನಮ್ಮಣ್ಣ ರೊಟ್ಟಿಯನ್ನೂ ಅಂಚಿನಲ್ಲಿ ಹಿಡಿಯುತ್ತಿದ್ದ. ಹೆಬ್ಬೆರಳು, ತೋರುಬೆರಳು ಎರಡರ ತುದಿ ಮಾತ್ರ ತಾಗಬೇಕು, ಉಳಿದ ಮೂರು ಬೆರಳು ಹಿಂದಕ್ಕೆ ಬಾಗಿರಬೇಕು. ಚಹಾದ ಬಸಿ, ವೀಳ್ಯದೆಲೆ, ಬಸ್ಸಿನ ಟಿಕೆಟ್ಟು, ಯಾವುದನ್ನೂ ಅವನು ಅಂಗೈಯಲ್ಲಿ ಮುಚ್ಚಿ ಹಿಡಿದದ್ದನ್ನು ನಾನು ಕಾಣೆ. ಮಗಳು ಹುಟ್ಟಿದಾಗ ಆ ಕೂಸಿನ ಕಿವಿಯನ್ನೂ ಹಾಗೆಯೇ ಎರಡು ಬೆರಳಲ್ಲಿ ಹಿಡಿದು ನೋಡಿದ್ದ. ಅತ್ತಿಗೆ ಬಾಣಂತಿ ಮಂಚದ ಮೇಲಿಂದಲೇ, "ಅದು ನಿಜಾಮನ ರೂಪಾಯಿ ಅಲ್ಲರೀ, ನಿಮ್ಮ ಮಗಳು. ಎತ್ಕೊಳ್ರಿ" ಎಂದಿದ್ದಳು.

ಮಸ್ಕಿಯಲ್ಲಿ ನಮ್ಮದು ಭಾಂಡೆ ಅಂಗಡಿ. ಅಪ್ಪ ಇಟ್ಟದ್ದು, ಅಣ್ಣ ನಡೆಸಿದ್ದು. ಮೊದಲು ತಾಮ್ರದ ಕೊಡ, ಹಿತ್ತಾಳೆಯ ಚರಿಗೆ ಇರುತ್ತಿದ್ದವು, ಈಗ ಎಲ್ಲ ಸ್ಟೀಲು. ಹಳೆಯ ಭಾಂಡೆ ತಂದು ಹಾಕಿ ಹೊಸದು ಒಯ್ಯುವವರೇ ನಮ್ಮ ಗಿರಾಕಿಗಳು. ಆ ಹಳೆಯ ಕೊಡಗಳ ತಳದಲ್ಲಿ, ಕೆಸರು ಗಟ್ಟಿಯಾದ ಕಡೆ, ಒಮ್ಮೊಮ್ಮೆ ನಾಣ್ಯ ಸಿಕ್ಕುತ್ತಿದ್ದವು. ಬೇರೆ ಅಂಗಡಿಯವರು ಅವನ್ನೂ ಭಾಂಡೆಯ ಜೊತೆ ತೂಕಕ್ಕೆ ಹಾಕಿ ಕರಗಿಸಲು ಕಳಿಸುತ್ತಿದ್ದರು. ಅಣ್ಣ ಕೊಡ ತಂದವರ ಮನೆ ಹುಡುಕಿಕೊಂಡು ಹೋಗಿ, "ನಿಮ್ಮ ಕೊಡದಾಗ ಇದು ಇತ್ತು ನೋಡ್ರಿ" ಎಂದು ತಿರುಗಿ ಕೊಟ್ಟು ಬರುತ್ತಿದ್ದ. ಕೆಲವರು ಇಟ್ಟುಕೊಂಡರು. ಕೆಲವರು, "ನಮಗ್ಯಾಕ ಇದು, ಎಲ್ಲೆರೆ ಮಾರಿಕೊಡಪಾ" ಎಂದರು. ಹಾಗೆ ಮಾರಿಕೊಡಲು ಹೋಗಿ ಅವನು ನಾಣ್ಯ ಮೇಳಗಳ ದಾರಿ ಹಿಡಿದ. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಸೊಲ್ಲಾಪುರ.

ನಾನು ಅವನ ತಂಗಿ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೇನೆ. ಮುಕ್ಕುಂದಕ್ಕೆ ಕೊಟ್ಟಿದ್ದರು. ಮೂರು ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ಅಣ್ಣ ಬಂದು ಕರೆದುಕೊಂಡು ಹೋದ. ಅವತ್ತಿನಿಂದ ಅವನ ಮನೆಯಲ್ಲೇ ಇದ್ದೇನೆ. ಅತ್ತಿಗೆ ಕೆಟ್ಟವಳಲ್ಲ, ಆದರೆ ಮಾತು ಹರಿತ. ಹಾಲು ಉಕ್ಕಿದರೆ, ಬೇಳೆ ಹತ್ತಿದರೆ, "ಒಂದು ಕೆಲಸ ನೆಟ್ಟಗ ಮಾಡಿದ್ದು ಐತೇನಬೇ ನೀನು?" ಎನ್ನುತ್ತಿದ್ದಳು. ಆಮೇಲೆ ಮರೆಯುತ್ತಿದ್ದಳು. ನಾನು ಮರೆಯುತ್ತಿರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಇರುವವರಿಗೆ ಪ್ರತಿ ತಪ್ಪೂ ಕೊನೆಯ ತಪ್ಪಿನಂತೆ ಕಾಣುತ್ತದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಮುಂದೆ ಬರೆಯುವುದು ಯಾಕೆ ಹಾಗಾಯಿತೆಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಣ್ಣ ನನಗೆ ನಿಜಾಮನ ನಾಣ್ಯದ ಮೇಲಿನ ಉರ್ದು ಅಂಕಿಗಳನ್ನು ಕಲಿಸಿದ. "ಬಾಯಿ ಮ್ಯಾಲ ತಗದದ್ದು ಏಳು. ಅದನ್ನ ಡಬ್ಬು ಹಾಕಿದ್ರ ಎಂಟು, ಮನಿ ಸೂರು ಇದ್ದಂಗ. ಸೊನ್ನಿ ಅಂದ್ರ ಬರೇ ಒಂದು ಚುಕ್ಕಿ." ಶಾಲೆಯಲ್ಲಿ ಕಲಿತ ಲೆಕ್ಕವನ್ನು ನಾನು ಮರೆತೆ. ಇದನ್ನು ಮರೆಯಲಿಲ್ಲ.

ಮೇಳಗಳಿಗೆ ಹತ್ತಿರವಿದ್ದರೆ ಬುತ್ತಿ ಹಿಡಿದು ನಾನೂ ಹೋಗುತ್ತಿದ್ದೆ. ಕಲ್ಯಾಣ ಮಂಟಪದಲ್ಲಿ ಎರಡು ದಿನ ಟೇಬಲ್ಲು ಹಾಕುತ್ತಾರೆ. ಒಬ್ಬೊಬ್ಬ ವ್ಯಾಪಾರಿಗೆ ಒಂದು ಟೇಬಲ್ಲು, ಅದರ ಮೇಲೊಂದು ನೀಲಿ ಬಟ್ಟೆ, ಒಂದು ಬಾಗಿದ ದೀಪ, ಒಂದು ಭೂತಗನ್ನಡಿ. ಹಳೆಯ ನಾಣ್ಯ ಕೂಡಿಡುವವರು ಬಂದು ನೋಡುತ್ತಾರೆ, ಚೌಕಾಶಿ ಮಾಡುತ್ತಾರೆ. ಉಳಿದವರು ತಮ್ಮ ಮಾಲನ್ನು ಹೊಗಳುತ್ತಿದ್ದರೆ ಅಣ್ಣ ಮೊದಲು ಅದರ ಕುಂದು ಹೇಳುತ್ತಿದ್ದ. "ಇದಕ್ಕ ಹಿಂದ ಕೊಂಡಿ ಬೆಸಗಿ ಹಾಕಿದ ಗುರುತೈತಿ ನೋಡ್ರಿ, ಸರದಾಗ ಇದ್ದದ್ದು." "ಇದರ ಅಂಚು ಯಾವನೋ ಕೆರದಾನ." ಅದಾದ ಮೇಲೆ ಬೆಲೆ. ಪಕ್ಕದ ಟೇಬಲ್ಲಿನ ಸೊಲ್ಲಾಪುರದ ಶೇಠ ನಗುತ್ತಿದ್ದ. "ಏನ್ರೀ ಸಾವ್ಕಾರ್ರ, ವ್ಯಾಪಾರಕ್ಕ ಬಂದೀರೋ ಪಂಚನಾಮೆ ಮಾಡಾಕ ಬಂದೀರೋ?"

ಒಮ್ಮೆ ಒಬ್ಬ ಹತ್ತು ರೂಪಾಯಿಯ ನೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ನಂಬರಿನಲ್ಲಿ ಅದೃಷ್ಟದ ಸಂಖ್ಯೆ ಎನ್ನುವ ಏಳುನೂರ ಎಂಬತ್ತಾರು ಇತ್ತು.

"ಸಾವ್ಕಾರ್ರ, ಇದಕ್ಕ ಎಂಟು ಲಕ್ಷ ಕೊಡ್ತಾರಂತ ಫೋನ್‌ನ್ಯಾಗ ಬಂದೈತ್ರಿ."

"ಹಂಗಾರ ಫೋನಿಗೇ ಮಾರು" ಎಂದ ಅಣ್ಣ.

ಸುತ್ತಲಿದ್ದವರು ನಕ್ಕರು. ಆ ಮನುಷ್ಯನ ಮುಖ ಬಾಡಿದ್ದು ನೋಡಿ ಅಣ್ಣನೇ ಎದ್ದು ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದ. ಹೊಳ್ಳಿ ಬರುವಷ್ಟರಲ್ಲಿ ಅವನ ಊರು, ಅವನ ಎತ್ತಿನ ಕಾಲುನೋವು, ಎಲ್ಲ ಅಣ್ಣನಿಗೆ ಗೊತ್ತಾಗಿತ್ತು.

ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: ನಾಣ್ಯ ತೊಳೆಯಬೇಡಿರಿ. ಹಳ್ಳಿಯವರು ಮಾರಲು ತರುವ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿಕೊಂಡು ಬರುತ್ತಿದ್ದರು. ಕೂಡಿಡುವವರಿಗೆ ಅದು ಬೇಡ. ನೂರು ವರ್ಷದಲ್ಲಿ ಅದರ ಮೈಮೇಲೆ ಬಂದ ಬಣ್ಣವೇ ಅವರಿಗೆ ಬೇಕು. ತಿಕ್ಕಿದರೆ ಬಣ್ಣ ಹೋಗಿ ಗೀರು ಬೀಳುತ್ತದೆ, ಬರೀ ಬೆಳ್ಳಿಯ ಬೆಲೆ ಉಳಿಯುತ್ತದೆ. "ಕಪ್ಪು ಅಂದ್ರ ಹೊಲಸಲ್ಲರೀ, ಅದು ವಯಸ್ಸು" ಎನ್ನುತ್ತಿದ್ದ ಅಣ್ಣ. "ತೊಳದ ರೂಪಾಯಿ ಅಂದ್ರ ಹಲ್ಲಿನ ಸೆಟ್ಟು ಹಾಕ್ಕೊಂಡ ಮುದುಕ ಇದ್ದಂಗ. ನಗು ಐತಿ, ಹಲ್ಲು ಅವನವಲ್ಲ." ಭಾಂಡೆ ಅಂಗಡಿಯವನ ಬಾಯಲ್ಲಿ ಈ ಮಾತು ಕೇಳಿ ಜನ ನಗುತ್ತಿದ್ದರು. ಅಂಗಡಿಯಲ್ಲಿ ಕೂತು ಹೊಳಪು ಮಾರುವವನು ಮೇಳದಲ್ಲಿ ಕೂತು ಕಪ್ಪು ಮಾರುತ್ತಾನೆ ಎಂದು ಶೇಠ ಹಾಡಿದಂತೆ ಹೇಳುತ್ತಿದ್ದ.

ತನ್ನ ಸ್ವಂತ ನಾಣ್ಯಗಳನ್ನು ಅಣ್ಣ ಅಂಗಡಿಯ ಮೇಜಿನಲ್ಲಿ ಇಡುತ್ತಿದ್ದ. ಮಂದಿ ಮಾರಿಕೊಡಲು ಕೊಟ್ಟದ್ದನ್ನು ಮಾತ್ರ ಮನೆಯ ದೇವರ ಜಗಲಿಯ ಮೇಲೆ. "ಮಂದೀದು ಶಿವನ ಕಣ್ಣಾಗ ಇರಲಿ." ಕೊಟ್ಟವರ ಎದುರಿಗೆ ಕಾಗದದ ಪಾಕೀಟಿನಲ್ಲಿ ಹಾಕಿ, ಊರು, ಹೆಸರು, ಇಸವಿ ಬರೆದು, ದಾರ ಸುತ್ತಿ ಗಂಟು ಹಾಕುತ್ತಿದ್ದ. ಆಮೇಲೆ ಮೇಳದಲ್ಲಿ ಅವರು ಎದುರಿಗೆ ಬಂದು ನಿಲ್ಲುವವರೆಗೆ ಅದನ್ನು ಬಿಚ್ಚುತ್ತಿರಲಿಲ್ಲ. ಅದಕ್ಕೇ ಸಿಂಧನೂರು ಕಡೆಯ ಹಳ್ಳಿಗಳಿಂದಲೂ ಜನ ಅವನ ಹತ್ತಿರ ಬರುತ್ತಿದ್ದರು.

ಹಾಗೆ ಬಂದವರು ಜವಳಗೇರಾದ ಗೌಡರು.

ಅವರ ಅಜ್ಜನ ಕಾಲದ ಒಂದು ಬೆಳ್ಳಿ ರೂಪಾಯಿ, ಚಾರ್ಮಿನಾರಿನ ಚಿತ್ರ ಇದ್ದದ್ದು. ಅಂಥ ರೂಪಾಯಿ ನಮ್ಮ ಕಡೆ ಅನೇಕರ ಮನೆಯಲ್ಲಿವೆ, ಆದರೆ ಆ ಇಸವಿಯದು ಅಣ್ಣ ತನ್ನ ಜೀವಮಾನದಲ್ಲಿ ಎರಡನೆಯದು ನೋಡುತ್ತಿದ್ದನಂತೆ. ಮೈ ಪೂರ್ತಿ ಕಪ್ಪು, ಬೆಳಕಿಗೆ ಓರೆ ಮಾಡಿದರೆ ನವಿಲಿನ ಕತ್ತಿನ ನೀಲಿ. ಗೌಡರು ನಾಲ್ಕು ಜನ ಅಣ್ಣತಮ್ಮಂದಿರು. ಹೊಲ ಪಾಲಾಯಿತು, ಮನೆ ಪಾಲಾಯಿತು, ಇದೊಂದು ಉಳಿದಿತ್ತು. "ಒಂದು ರೂಪಾಯಿ ನಾಕು ತುಂಡು ಮಾಡಾಕ ಬರೂದಿಲ್ಲ. ಮಾರಿಕೊಡ್ರಿ, ಪಾಲು ಹಾಕ್ಕೊಂತೀವಿ. ಹಿರೇ ಮನುಷ್ಯ ಅಂತ ನನ್ನ ಕೈಯಾಗ ಕೊಟ್ಟಾರ ತಮ್ಮಂದಿರು" ಎಂದರು. ಅಣ್ಣ ಪಾಕೀಟಿಗೆ ಹಾಕಿ ಜಗಲಿಯ ಮೇಲಿಟ್ಟ. ದೀಪಾವಳಿಯಾದ ವಾರಕ್ಕೆ ಲಿಂಗಸುಗೂರಿನಲ್ಲಿ ಮೇಳವಿತ್ತು. ಅಣ್ಣ ಫೋನಿನಲ್ಲಿ ಶೇಠನಿಗೆ ಆ ರೂಪಾಯಿಯನ್ನು ಬಣ್ಣಿಸುವಾಗ ನಾನು ಅವನ ಮುಖ ನೋಡಿದ್ದೆ. ಮಗಳಿಗೆ ವರ ಗೊತ್ತಾದ ದಿನವೂ ಅವನು ಅಷ್ಟು ಸಡಗರಪಟ್ಟಿರಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನ ಜಗಲಿಯ ಬೆಳ್ಳಿಯನ್ನೆಲ್ಲ ಇಳಿಸಿ ತಿಕ್ಕುವುದು ನಮ್ಮ ಮನೆಯ ಪದ್ಧತಿ. ಮನೆಮಂದಿಯ ಲಿಂಗದ ಕರಡಿಗೆಗಳು, ಆರತಿ ತಟ್ಟೆ, ಗಂಟೆ. ಬೆಳ್ಳಿಗೆ ನಾವು ಹುಣಸೆಹಣ್ಣು ಹಚ್ಚುವುದಿಲ್ಲ, ವಿಭೂತಿ ಹಚ್ಚಿ ಒಣ ಅರಿವೆಯಲ್ಲಿ ತಿಕ್ಕುತ್ತೇವೆ. ಅತ್ತಿಗೆ ಒಳಗೆ ಹೋಳಿಗೆಗೆ ಕಣಕ ನಾದುತ್ತಿದ್ದಳು. ನಾನು ಅಂಗಳದ ಬಿಸಿಲಲ್ಲಿ ಕೂತಿದ್ದೆ. ಎಲ್ಲ ಬೆಳ್ಳಿ ಮುಗಿಯಿತು. ಪಾಕೀಟು ಉಳಿಯಿತು.

ಅಣ್ಣನ ಮಾತು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ನೂರು ಸಲ ಕೇಳಿದ್ದೆ. ಆದರೆ ತೊಳೆಯುವುದೆಂದರೆ ನನ್ನ ತಲೆಯಲ್ಲಿ ನೀರು, ಹುಣಸೆ, ಬೂದಿ. ವಿಭೂತಿ ಹಚ್ಚುವುದು ತೊಳೆಯುವುದು ಎಂದು ಅನ್ನಿಸಲೇ ಇಲ್ಲ, ಅದು ದೇವರ ಸೇವೆ. ಭಾಂಡೆ ಅಂಗಡಿಯಲ್ಲಿ ಹುಟ್ಟಿದವಳು ನಾನು. ನಮ್ಮಪ್ಪ ಮಂಕಾದ ಕೊಡವನ್ನು ಗಿರಾಕಿಯ ಮುಂದೆ ಇಟ್ಟವನಲ್ಲ. ನಾಲ್ಕು ಊರಿನ ಜನ ಸೇರುವ ಕಡೆ ಅಣ್ಣ ಇದನ್ನು ಹೀಗೆ ಮಸಿ ಹಿಡಿದ ಹಾಗೆ ತೋರಿಸಬೇಕೇ ಎಂದುಕೊಂಡು ದಾರ ಬಿಚ್ಚಿದೆ. ಚಿಟಿಕೆ ವಿಭೂತಿ. ಅರಿವೆ ಕಪ್ಪಾಗುತ್ತ ಬಂತು, ಮಿನಾರುಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಇಸವಿ ಓದಿದೆ, ಸರಿಯಾಗಿ ಬಂತು. ಖುಷಿಯಾಯಿತು. ಅಣ್ಣ ಪಾಕೀಟು ಬಿಚ್ಚಿದಾಗ ಆ ಮಂಟಪದಲ್ಲೆಲ್ಲ ಇದೊಂದೇ ಹೊಳೆಯುತ್ತದೆ ಎಂದುಕೊಂಡೆ. ತಿರುಗಿ ಹಾಕಿ ದಾರ ಸುತ್ತಿ ಗಂಟು ಹಾಕಿದೆ.

ಲಿಂಗಸುಗೂರಿಗೆ ಬುತ್ತಿ ಕಟ್ಟಿಕೊಂಡು ನಾನೂ ಹೋದೆ. ಹನ್ನೊಂದರ ಸುಮಾರಿಗೆ ಗೌಡರು ಬಂದರು, ಬಿಳಿ ಧೋತರ, ಹೆಗಲ ಮೇಲೆ ಶಾಲು. ಶೇಠ ತನ್ನ ಟೇಬಲ್ಲು ಬಿಟ್ಟು ಎದ್ದು ಬಂದ. ಇನ್ನೂ ನಾಲ್ಕೈದು ಜನ ವ್ಯಾಪಾರಿಗಳು ಬಂದು ನಿಂತರು. ಅಣ್ಣ ಪಾಕೀಟು ತೆಗೆದು ದೀಪದ ಕೆಳಗಿಟ್ಟ. ಬಿಚ್ಚಲು ಹೋದವನು ತಡೆದ. ಗಂಟನ್ನು ನೋಡಿದ. ಅವನು ಹಾಕುತ್ತಿದ್ದದ್ದು ಭಾಂಡೆ ಕಟ್ಟುವ ಗಂಟು, ಎರಡು ಸುತ್ತಿನದು. ಇದು ಹೂ ಕಟ್ಟುವ ಗಂಟು. ಮನೆಯಲ್ಲಿ ಹೂ ಕಟ್ಟುವವಳು ನಾನೊಬ್ಬಳೇ. ಅವನು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಬಿಚ್ಚಿದ.

ರೂಪಾಯಿ ನೀಲಿ ಬಟ್ಟೆಯ ಮೇಲೆ ಹೊಸ ಸ್ಟೀಲು ತಟ್ಟೆಯಂತೆ ಹೊಳೆಯಿತು.

ಶೇಠ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಮಾಡಿದ್ದೂ ತೊಳೆಯುವುದೇ ಎಂದು ಆಗಲೇ ನನಗೆ ತಿಳಿದದ್ದು.

"ಇದು ನಂದಲ್ಲ" ಎಂದರು ಗೌಡರು.

ಅಣ್ಣ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ನಿಮ್ಮದೇ ಐತ್ರಿ ಗೌಡ್ರ. ಇಸವಿ ಅದೇ ಐತಿ."

"ನಂದು ಕರ್ರಗ ಇತ್ತು. ನಮ್ಮಪ್ಪನ ಕೈಯಾಗ ನೋಡೀನಿ, ನಮ್ಮಜ್ಜನ ಕೈಯಾಗ ನೋಡೀನಿ. ಇಸವಿ ಪಸವಿ ನನಗ ಓದಾಕ ಬರೂದಿಲ್ಲ ಅಂತ ತಿಳಕೊಂಡು ಬದ್ಲಿ ಮಾಡೀರೇನು?"

ಶೇಠ ನಡುವೆ ಬಂದ. ರೂಪಾಯಿ ನೋಡಿ, "ಮಾಲು ಖರೇ ಐತ್ರಿ, ಆದ್ರ ತೊಳದಾರ" ಎಂದ. ಆಮೇಲೆ ಅಣ್ಣನ ಕಡೆ ತಿರುಗಿ ದನಿ ತಗ್ಗಿಸಿದ. "ತೊಳದೋರು ಯಾರು ಹೇಳಿಬಿಡ್ರಿ ಸಾವ್ಕಾರ್ರ. ಅವರು ಬಂದು ಒಂದು ಮಾತು ಹೇಳಿದ್ರ ಗೌಡ್ರಿಗೂ ಸಮಾಧಾನ ಆಗ್ತೈತಿ. ಮುಗೀತು."

ಒಂದು ಮಾತು. ನಾನು ಅಣ್ಣನ ಕುರ್ಚಿಯ ಹಿಂದೆ ಎರಡು ಮೊಳ ದೂರದಲ್ಲಿ ಬುತ್ತಿಗಂಟು ಹಿಡಿದು ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಗೌಡರು ಬೈಯುತ್ತಿದ್ದರು, ಅಷ್ಟೇ. ಮನೆಗೆ ಹೋದ ಮೇಲೆ ಅತ್ತಿಗೆ ಏನಂದಾಳು ಎಂಬುದು ಮಾತ್ರ ಆಗ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅಷ್ಟು ದೊಡ್ಡ ರೂಪಾಯಿಯನ್ನು ಹಾಳು ಮಾಡಿದವಳನ್ನು ಇನ್ನೂ ಇಟ್ಟುಕೊಂಡಾರೇ? ಮುಕ್ಕುಂದಕ್ಕೆ ಹೋಗು ಎಂದರೆ ಅಲ್ಲಿ ನನಗೆ ಯಾರಿದ್ದರು?

ಅಣ್ಣ ಹಿಂದಕ್ಕೆ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, "ತಂಗೀ, ಹೊರಗ ನಳ ಐತಿ, ತುಂಬ್ಕೊಂಡು ಬಾ" ಎಂದ.

ನಾನು ಹೋದೆ. ನಳದ ಕೆಳಗೆ ಬಾಟಲಿ ಹಿಡಿದೆ. ಅದು ತುಂಬಿತು, ಉಕ್ಕಿತು, ನನ್ನ ಸೀರೆ ಪಾದದ ಹತ್ತಿರ ತೊಯ್ಯಿತು. ಒಳಗೆ ಗೌಡರ ದನಿ ಏರುತ್ತಿತ್ತು. ನಾನು ಬಾಟಲಿ ತೆಗೆಯಲಿಲ್ಲ. ದನಿ ಇಳಿಯುವವರೆಗೆ ಅಲ್ಲೇ ನಿಂತಿದ್ದೆ.

ಒಳಗೆ ಏನಾಯಿತೆಂದು ಹೊರಗೆ ಬಂದವರ ಮಾತಿನಿಂದ ತಿಳಿಯಿತು. ಅಣ್ಣ, "ನಾನೇ ತೊಳದೀನ್ರಿ" ಎಂದಿದ್ದ. ಅವನು ಸುಳ್ಳು ಹೇಳಿದ್ದು ಅದೊಂದೇ ಸಲ ಎಂದು ಕಾಣುತ್ತದೆ, ಅದಕ್ಕೇ ಅವನಿಗೆ ಸುಳ್ಳು ಹೇಳಲು ಬರಲಿಲ್ಲ. ಗೌಡರು ಕೈ ತಟ್ಟಿ ನಕ್ಕರಂತೆ. "ಊರಿಗೆಲ್ಲಾ ತೊಳೀಬ್ಯಾಡ್ರಿ ತೊಳೀಬ್ಯಾಡ್ರಿ ಅನ್ನಾಂವ ನೀನು. ನನಗೂ ಅಂದಿ. ನೀ ತೊಳೀತೀ ಅಂದ್ರ ಯಾವನು ನಂಬ್ತಾನ? ಬದ್ಲಿ ಮಾಡಿದ್ದು ಮುಚ್ಚಾಕ ಹಿಂಗ ಹೇಳಾಕತ್ತೀಯಲ್ಲ, ನಾ ನನ್ನ ತಮ್ಮಂದಿರಿಗೆ ಏನಂತ ಹೇಳ್ಲಿ?" ಅಣ್ಣ ಮಾತು ಬೆಳೆಸದೆ ತನ್ನ ಸ್ವಂತ ನಾಣ್ಯಗಳ ಆಲ್ಬಮ್ಮು ತೆರೆದು ಮುಂದಿಟ್ಟು, ಬೇಕಾದದ್ದು ತೆಗೆದುಕೊಳ್ಳಿರಿ ಎಂದನಂತೆ. ಅದರಲ್ಲಿ ಶಿವಪಾರ್ವತಿಯರು ಕೂತ ಒಂದು ಚಿಕ್ಕ ಬಂಗಾರದ ವರಹವಿತ್ತು. ಎಷ್ಟು ಜನ ಕೇಳಿದರೂ ಅಣ್ಣ ಅದನ್ನು ಮಾರಿರಲಿಲ್ಲ. ಗೌಡರು ಅದನ್ನು ಎತ್ತಿಕೊಂಡು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಕಳ್ಳ ಅಲ್ಲದಿದ್ರ ಬಂಗಾರ ಯಾಕ ಕೊಡ್ತಿದ್ದ?" ಎಂದರು.

ಮಸ್ಕಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಅಣ್ಣ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತಿದ್ದ. ಅರ್ಧ ದಾರಿಯಲ್ಲಿ, "ಬುತ್ತಿ ಹಂಗೇ ಉಳೀತಲ್ಲ" ಎಂದ. ನಾನು ಹೂಂ ಎಂದೆ. ಆ ದಿನ ನಾನು ಅವನೊಂದಿಗೆ ಆಡಿದ್ದು ಅಷ್ಟೇ.

ವ್ಯಾಪಾರಿಗಳು ಅಣ್ಣ ಬದಲಿ ಮಾಡಿದ ಎಂದು ನಂಬಲಿಲ್ಲ, ತೊಳೆದ ಎಂದು ನಂಬಿದರು. ಅವರ ಲೆಕ್ಕದಲ್ಲಿ ಅದೂ ಸಣ್ಣದಲ್ಲ. ಮುಂದಿನ ಮೇಳಕ್ಕೆ ಟೇಬಲ್ಲು ಕೇಳಲು ಫೋನು ಮಾಡಿದಾಗ, ಮೇಳ ನಡೆಸುವವರು ಈ ಸಲ ಎಲ್ಲ ತುಂಬಿವೆ ಎಂದರು. ಅದರ ಮುಂದಿನದಕ್ಕೂ ಹಾಗೆಯೇ ಅಂದರು. ಅಣ್ಣ ಒಮ್ಮೆ ಬಳ್ಳಾರಿಗೆ ಸುಮ್ಮನೆ ನೋಡಲು ಹೋಗಿ ಬಂದ. "ಎಲ್ಲಾರೂ ಮಾತಾಡಿಸಿದ್ರು, ಒಬ್ಬರೂ ಕೂಡು ಅನ್ನಲಿಲ್ಲ" ಎಂದ ಅತ್ತಿಗೆಯ ಮುಂದೆ. ಹಳ್ಳಿಗಳವರು ಗೌಡರ ಮಾತನ್ನು ನಂಬಿದರು. ಜಗಲಿಯ ಮೇಲೆ ಇದ್ದ ಪಾಕೀಟುಗಳನ್ನು ಒಬ್ಬೊಬ್ಬರೇ ಬಂದು, ಹುಷಾರಾಗಿ ಬಿಚ್ಚಿ ನೋಡಿ, ಒಯ್ದರು. ಒಬ್ಬ ಅಜ್ಜಿ ಮಾತ್ರ ನೋಡದೆ ಒಯ್ದಳು. ಹೊಸದಾಗಿ ಯಾರೂ ತರಲಿಲ್ಲ.

ಅತ್ತಿಗೆ ಅವನ ತಟ್ಟೆಗೆ ರೊಟ್ಟಿ ಹಾಕುತ್ತ ಅನ್ನುತ್ತಿದ್ದಳು. "ಊರಿಗೆ ಬುದ್ಧಿ ಹೇಳಾಂವ, ತಾನೇ ತೊಳದು ಮನಿ ಮರ್ಯಾದಿ ತೊಳದ. ಏನು ಕಡಿದಿತ್ತೋ ಅವತ್ತು." ಅಣ್ಣ, "ಹೂಂ, ಕಡಿದಿತ್ತು" ಎಂದು ಪಲ್ಯ ಹಾಕಿಸಿಕೊಳ್ಳುತ್ತಿದ್ದ. ಪಲ್ಯ ಬಡಿಸುತ್ತಿದ್ದವಳು ನಾನು. ಆರು ವರ್ಷ ನಾನು ಆ ಮಾತು ಕೇಳುತ್ತ ಬಡಿಸಿದೆ. ನಾಳೆ ಹೇಳೋಣ ಎಂದುಕೊಂಡ ದಿನಗಳು ಎಷ್ಟೋ. ಒಂದು ದಿನ ತಡವಾದದ್ದಕ್ಕೆ ಮರುದಿನ ಎರಡು ತಪ್ಪು ಹೇಳಬೇಕಾಗುತ್ತಿತ್ತು, ತೊಳೆದದ್ದು ಮತ್ತು ಮುಚ್ಚಿಟ್ಟದ್ದು. ಅದು ಬೆಳೆಯುತ್ತ ಹೋಯಿತು. ಅಣ್ಣ ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಾನು ಬಾಯಿ ತೆರೆಯುವ ಹಾಗೆ ಕಂಡರೆ ಎದ್ದು ಅಂಗಡಿಗೆ ಹೋಗುತ್ತಿದ್ದ. ಅವನು ನನ್ನನ್ನು ಕಾಪಾಡುತ್ತಿದ್ದನೋ, ಕೇಳಿದರೆ ಕ್ಷಮಿಸಬೇಕಾಗುತ್ತದೆ ಎಂದು ತಪ್ಪಿಸಿಕೊಳ್ಳುತ್ತಿದ್ದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಸಿಂಧನೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟು ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ಅತ್ತಿಗೆ ಔಷಧಿ ತರಲು ಹೋಗಿದ್ದಳು. ನಾನು ಅವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕಿವಿಯ ಹತ್ತಿರ ಬಾಗಿ ಹೇಳಿದೆ. "ಯಣ್ಣಾ, ಗೌಡರ ರೂಪಾಯಿ ನಾ ತಿಕ್ಕಿದ್ದೆ. ವಿಭೂತಿ ಹಚ್ಚಿ ತಿಕ್ಕಿದ್ದೆ." ಅವನ ಬಲಗಣ್ಣಿನಿಂದ ನೀರು ಇಳಿಯಿತು. ಆದರೆ ಲಕ್ವಾ ಹೊಡೆದ ಮೇಲೆ ಆ ಕಣ್ಣಿನಲ್ಲಿ ಸದಾ ನೀರು ಇರುತ್ತಿತ್ತು. ಹಾಗಾಗಿ ಅದು ಏನೆಂದು ನನಗೆ ತಿಳಿಯಲಿಲ್ಲ. ಉತ್ತರ ಕೊಡಲಾರದವನ ಮುಂದೆ ನಾನು ತಪ್ಪು ಒಪ್ಪಿಕೊಂಡೆ. ಅದೂ ಒಂದು ಹೇಡಿತನವೇ. ಮೂರು ವಾರಕ್ಕೆ ಅಣ್ಣ ಹೋದ.

ಮಣ್ಣು ಕೊಟ್ಟು ಬಂದ ದಿನ ಅತ್ತಿಗೆಗೆ ಹೇಳಿದೆ. ಆಕೆ ಬೈಯಲಿಲ್ಲ. "ಆರು ವರ್ಷ ನನ್ನ ಬಾಯಿಂದ ಅವರಿಗೆ ಅನ್ನಿಸಿದಿಯಲ್ಲಬೇ" ಎಂದಳು. ಮನೆ ಬಿಟ್ಟು ಹೋಗು ಎನ್ನಲಿಲ್ಲ. ನಾನು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದು ಆಗಲೇ ಇಲ್ಲ.

ತಿಂಗಳ ಮೇಲೆ ಅಂಗಡಿಯ ಮೇಜು ತೆರವು ಮಾಡುವಾಗ ಆ ರೂಪಾಯಿ ಸಿಕ್ಕಿತು. ಅದೇ ಪಾಕೀಟು. ವರಹ ಕೊಟ್ಟ ಮೇಲೆ ಇದು ಅವನದೇ ಆದ ಹಾಗೆ, ಆದರೂ ಪಾಕೀಟಿನ ಮೇಲಿನ "ಜವಳಗೇರಾ ಗೌಡರದು" ಎಂಬುದನ್ನು ಅವನು ಹೊಡೆದು ಹಾಕಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಅಕ್ಷರಗಳ ಸಂದಿಯಲ್ಲಿ, ಮಿನಾರಿನ ಕಮಾನಿನೊಳಗೆ, ಬಿಳಿ ಬಿಳಿ ಪುಡಿ ಇನ್ನೂ ಕೂತಿತ್ತು. ಅಣ್ಣ ಲಿಂಗಸುಗೂರಿನಲ್ಲಿ ಅಷ್ಟು ಹೊತ್ತು ನೋಡಿದ್ದು ಇದನ್ನೇ. ನನ್ನ ಹತ್ತಿರ ಸಾಕ್ಷಿ ಇದೆ ಎನ್ನಿಸಿತು. ಜವಳಗೇರಾಕ್ಕೆ ಹೋದೆ.

ಗೌಡರಿಗೆ ಈಗ ವಯಸ್ಸಾಗಿದೆ. ಕಟ್ಟೆಯ ಮೇಲೆ ಕೂತಿದ್ದರು, ಎದುರಿನ ರಸ್ತೆಯಲ್ಲಿ ಬತ್ತ ಒಣಗಲು ಹರವಿದ್ದರು. ನಾನು ಯಾರೆಂದು ಹೇಳಿದೆ. ಅಣ್ಣ ಹೋದದ್ದು ಅವರಿಗೆ ಗೊತ್ತಿತ್ತು. "ಕೂಡವಾ, ನೀರು ಕುಡಿ" ಎಂದರು. ನಾನು ನಿಂತೇ ಎಲ್ಲ ಹೇಳಿದೆ. ಅಂಗಳ, ವಿಭೂತಿ, ಹೂವಿನ ಗಂಟು, ನಳದ ಹತ್ತಿರ ನಿಂತದ್ದು. ರೂಪಾಯಿಯನ್ನು ಕಟ್ಟೆಯ ಮೇಲಿಟ್ಟು, ಸಂದಿಯಲ್ಲಿನ ವಿಭೂತಿ ತೋರಿಸಿದೆ.

ಅವರು ಬಾಗಿ ನೋಡಲಿಲ್ಲ. "ವಿಭೂತಿ ನಿನ್ನೆ ಹಚ್ಚಿದ್ದೋ ಆರು ವರ್ಷದ ಕೆಳಗ ಹಚ್ಚಿದ್ದೋ ಯಾರಿಗೆ ಗೊತ್ತು ತಂಗಿ?" ಎಂದರು.

"ಖರೇನ ಹೇಳಾಕತ್ತೀನ್ರಿ ಗೌಡ್ರ."

"ಅವನೂ ನಾನೇ ತೊಳದೆ ಅಂದ. ನೀನೂ ನಾನೇ ತೊಳದೆ ಅಂತಿ. ಒಂದು ರೂಪಾಯಿ ಎಷ್ಟು ಮಂದಿ ತೊಳೀತಾರವಾ?" ಅವರ ದನಿಯಲ್ಲಿ ಜಗಳವಿರಲಿಲ್ಲ. "ಸತ್ತಾವರ ಹೆಸರು ತಿದ್ದಾಕ ಬಂದೀ. ಒಳ್ಳೇ ತಂಗಿ ನೀನು. ಖರೆ ಕೇಳು, ನನ್ನ ತಮ್ಮಂದಿರು ಅವತ್ತು ನನ್ನ ಮ್ಯಾಲೂ ಸಂಶಯ ಪಟ್ರು. ನೀನೂ ಭಾಂಡೆ ಸಾವ್ಕಾರನೂ ಕೂಡಿ ಹಂಚ್ಕೊಂಡೀರಿ ಅಂದ್ರು. ಆಗ ನಾ ಲಿಂಗ ಮುಟ್ಟಿ ಆಣಿ ಮಾಡಿದ್ನಿ, ಅವನು ತೋರಿಸಿದ್ದು ನಮ್ಮ ರೂಪಾಯಿ ಅಲ್ಲ ಅಂತ. ಈಗ ನೀ ಬಂದು ಅದು ನಮ್ಮದೇ ಅಂತಿ. ಅಂದ್ರ ನನ್ನ ಆಣಿ ಏನಾಗಬೇಕು? ಈ ವಯಸ್ಸಿನಾಗ?"

ಲಿಂಗಸುಗೂರಿನಲ್ಲಿ ನಾನು ಬಾಯಿ ತೆರೆದಿದ್ದರೆ ಅವರು ಆ ಆಣೆ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಅಣ್ಣನ ಹೆಸರು ಮಾತ್ರ ಕೆಡಿಸಿದೆ ಎಂದುಕೊಂಡು ಬಂದಿದ್ದೆ. ಈ ಮನುಷ್ಯನ ಕೈಯಿಂದ ಲಿಂಗ ಮುಟ್ಟಿಸಿ ಸುಳ್ಳು ಹೇಳಿಸಿದ್ದೂ ನಾನೇ ಎಂದು ಆ ಕಟ್ಟೆಯ ಮುಂದೆ ತಿಳಿಯಿತು.

"ಎತ್ಕೊಂಡು ಹೋಗವಾ ಅದನ್ನ" ಎಂದರು ಗೌಡರು. "ನಂದಲ್ಲ."

ಎತ್ತಿಕೊಂಡು ಬಂದೆ. ಊರಿಂದ ಊರಿಗೆ ಹೋಗಿ ಹೇಳುವ ಶಕ್ತಿ ನನಗಿಲ್ಲ. ಮೇಳದವರಿಗೆ ನಾನು ಯಾರೆಂದೂ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಜವಳಗೇರಾದ ಗೌಡರು ಕೊಟ್ಟ ಕಪ್ಪು ರೂಪಾಯಿಯನ್ನು ನಮ್ಮಣ್ಣ ಬದಲಿ ಮಾಡಲಿಲ್ಲ. ತೊಳೆಯಲೂ ಇಲ್ಲ. ಅದನ್ನು ತಿಕ್ಕಿದವಳು ನಾನು, ಅಂಗಳದ ಬಿಸಿಲಲ್ಲಿ ಕೂತು, ಖುಷಿಯಿಂದ. ಗೌಡರದ್ದೂ ತಪ್ಪಿಲ್ಲ, ಅವರು ತಮಗೆ ಕಂಡದ್ದರ ಮೇಲೆ ಆಣೆ ಮಾಡಿದರು. ಕಾಣದ್ದನ್ನು ಹೇಳಬೇಕಾಗಿದ್ದವಳು ನಳದ ಹತ್ತಿರ ನಿಂತಿದ್ದಳು.